ಆರನೆಯ ದಿನದ ಹಳದಿ

ಅಕ್ಕನ ಕಾಲಿಗೆ ಗುಂಡುಸೂಜಿ ಚುಚ್ಚಿದ್ದು ಯಾವ ಹೊತ್ತಿನಲ್ಲಿ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹೊಲಿಗೆ ಯಂತ್ರದ ಮುಂದೆ ಕೂತವಳು ಮಧ್ಯಾಹ್ನ ಊಟಕ್ಕೆ ಎದ್ದಳು, ಇಬ್ಬರು ಗಿರಾಕಿಗಳ ಅಳತೆ ತೆಗೆದಳು, ಮತ್ತೆ ಕೂತು ಸಂಜೆಯವರೆಗೆ ತುಳಿದಳು. ದೀಪ ಹಾಕುವ ಹೊತ್ತಿಗೆ ಚಪ್ಪಲಿ ಬಿಡಲು ಹೋದರೆ ಬಲಗಾಲಿನದು ಬರಲೊಲ್ಲದು. ಬಗ್ಗಿ ನೋಡಿದರೆ ಸೂಜಿ ಸವೆದ ತಳವನ್ನು ತೂರಿ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತ್ತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವಳ ಪಾದಗಳಿಂದ ನೋವನ್ನು ಎಂದೋ ಕಸಿದುಕೊಂಡಿತ್ತು.

"ಹೊಲಿಯೋಕೆ ಬಟ್ಟೆ ಸಾಲಲಿಲ್ಲ ಅಂತ ಕಾಲನ್ನೇ ಚಪ್ಪಲಿಗೆ ಹೊಲ್ಕೊಂಡಿದ್ದೀನಿ ನೋಡೋ," ಎಂದು ನಕ್ಕಳು.

ನಾನು ನಗಲಿಲ್ಲ. ಮೂವತ್ತಾರು ವರ್ಷ ದೊಡ್ಡಾಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಗಾಯ ತೊಳೆದವನು ನಾನು. ಅಳಿಸುವ ಗಾಯಕ್ಕಿಂತ ನಗಿಸುವ ಗಾಯ ಕೆಟ್ಟದ್ದು ಎಂದು ಬಲ್ಲೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಭಾವ ಹೋದ ಮೇಲೆ, ನನ್ನ ಹೆಂಡತಿಯೂ ಹೋದ ಮೇಲೆ, ನಾವು ಒಂದೇ ಮನೆಯಲ್ಲಿ ಉಳಿದೆವು. ಜೊತೆಗೆ ಅವಳ ಒಬ್ಬಳೇ ಮಗಳು. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯೇ ಹೊಲಿಗೆಯಂಗಡಿ. ಯಂತ್ರಕ್ಕೆ ಮೋಟಾರು ಹಾಕಿಸೋಣವೆಂದು ಎಷ್ಟು ಸಲ ಹೇಳಿದರೂ ಅವಳು ಒಪ್ಪಿರಲಿಲ್ಲ. "ಎಲ್ಲಿ ನಿಲ್ಲಬೇಕು ಅನ್ನೋದು ಮೋಟಾರಿಗೆ ಗೊತ್ತಾಗಲ್ಲ ಕಣೋ, ಕಾಲಿಗೆ ಗೊತ್ತಾಗುತ್ತೆ," ಎನ್ನುವಳು. ಆ ಕಾಲು ಅವಳಿಗೆ ಅನ್ನವೂ ಹೌದು, ಮರ್ಯಾದೆಯೂ ಹೌದು. ಗಾಯ ಹಿರಿದಾಗತೊಡಗಿದಾಗ ಒಮ್ಮೆ ಮಾತ್ರ ನಗೆ ಬಿಟ್ಟು ಹೇಳಿದಳು: "ಕಾಲು ತೆಗೀಬೇಕು ಅಂದ್ರೆ ನನ್ನನ್ನೂ ಜೊತೆಗೇ ತೆಗೆದುಬಿಡಿ. ಮೂಲೇಲಿ ಕೂತು ಬೇರೆಯವರು ಹೊಲಿಯೋದನ್ನ ನೋಡೋಕೆ ನನ್ನ ಕೈಲಾಗಲ್ಲ."

ನನ್ನ ಕೈಗೂ ಒಂದು ಹೆಸರಿತ್ತು. ಬೀದಿಯವರು ನನ್ನನ್ನು ಪಟ್ಟಿ ಮೇಷ್ಟ್ರು ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯ ಡ್ರೆಸ್ಸರೊಬ್ಬರು ಹೇಳಿಕೊಟ್ಟ ಪಾಠ ಇಷ್ಟೇ: ಗಾಯದಲ್ಲಿ ಕಪ್ಪು ಕಂಡರೆ ಕತ್ತರಿಸು, ಹಳದಿ ಕಂಡರೆ ಒರೆಸು, ಕೆಂಪು ಕಂಡ ಮೇಲೆ ಕೈ ತೆಗೆ. ಕೆಂಪು ಎಂದರೆ ಜೀವವಿರುವ ಮಾಂಸ. ಆ ಪಾಠದಿಂದ ಎಷ್ಟೋ ಕೈಕಾಲುಗಳು ಉಳಿದಿದ್ದವು. ಪ್ರತಿ ಗಾಯ ಬಿಚ್ಚುವ ಮೊದಲು ನಾನು ಮನಸ್ಸಿನಲ್ಲೇ, ದೇವರೇ, ಈ ಕೈ ನಿನ್ನದು, ಎಂದುಕೊಳ್ಳುತ್ತಿದ್ದೆ. ಒಂದು ದಿನವೂ ಬಿಟ್ಟದ್ದಿಲ್ಲ.

ಎರಡು ತಿಂಗಳು ಅಕ್ಕನ ಗಾಯವನ್ನು ನಾನೇ ತೊಳೆದೆ. ಮಾತ್ರೆಗಳಾದವು, ಇಂಜೆಕ್ಷನ್ನುಗಳಾದವು. ಅವಳ ಹೊಟ್ಟೆ ಕೆಟ್ಟಿತು, ಮುಖ ಊದಿಕೊಂಡಿತು, ಗಾಯ ಮಾತ್ರ ಇದ್ದಲ್ಲೇ ಇತ್ತು. ಆಸ್ಪತ್ರೆಯ ಸರ್ಜನ್ನು ಎಕ್ಸ್‌ರೇ ಹಿಡಿದು ನನ್ನನ್ನು ಪಕ್ಕಕ್ಕೆ ಕರೆದರು. ಓದುವ ದಿನಗಳಲ್ಲಿ ಅವರು ನನ್ನ ಕೋಣೆಯಲ್ಲಿ ನಿಂತು ಪಟ್ಟಿ ಸುತ್ತುವುದನ್ನು ಕಲಿತವರು.

"ಮೇಷ್ಟ್ರೇ, ನಾವು ಕೊಡೋ ಮದ್ದು ರಕ್ತದಲ್ಲಿ ಹೋಗಬೇಕು. ಆ ಪಾದಕ್ಕೆ ರಕ್ತಾನೇ ಸರಿಯಾಗಿ ಹೋಗ್ತಿಲ್ಲ. ಜಾಸ್ತಿ ಕೊಟ್ರೆ ಕಿಡ್ನಿ ತಡೆಯಲ್ಲ. ಮೂಳೆ ಹತ್ರ ಬಂದಿದೆ. ಒಳಗೆ ಇಳೀತು ಅಂದ್ರೆ ಕಾಲು ನಮ್ಮ ಕೈಲಿ ಇರಲ್ಲ."

ಹಾಗಾದರೆ ಏನು ಮಾಡುವುದು ಎಂದೆ. ಅವರು, "ನಿಮ್ಮನೇಲೇ ಇದ್ದಾಳಲ್ಲ, ಕೇಳಿ," ಎಂದರು.

ಅಕ್ಕನ ಮಗಳು ಮೆಡಿಕಲ್ ಕಾಲೇಜಿನ ಔಷಧ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಏನು ಮಾಡುತ್ತಾಳೆಂದು ಕೇಳಿದವರಿಗೆ ಅಕ್ಕ, "ಅಂಟು ಮಾಡ್ತಾಳೆ," ಎಂದುಬಿಡುತ್ತಿದ್ದಳು. ಆ ದಿನ ಹುಡುಗಿ ಪಕ್ಕದ ಮನೆಯಿಂದ ಕೂಸಿನ ಡೈಪರೊಂದನ್ನು ಕೇಳಿ ತಂದು, ಅಮ್ಮನ ಕತ್ತರಿಯಿಂದಲೇ ಕತ್ತರಿಸಿ, ಒಳಗಿದ್ದ ಬಿಳಿ ಹರಳುಗಳನ್ನು ತಟ್ಟೆಗೆ ಉದುರಿಸಿದಳು. ಒಂದು ಲೋಟ ನೀರು ಸುರಿದಳು. ಹರಳುಗಳು ಉಬ್ಬಿ ಲೋಳೆಯಾದವು. ತಟ್ಟೆಯನ್ನು ಬೋರಲು ಹಿಡಿದಳು. ಒಂದು ಹನಿಯೂ ಬೀಳಲಿಲ್ಲ.

"ನೀರು ಎಲ್ಲೂ ಹೋಗಿಲ್ಲಮ್ಮ. ಬಲೇಲಿ ಮೀನು ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಂಡಿದೆ. ನೀರಿನ ಜೊತೆ ಮದ್ದೂ ಇದ್ರೆ? ಗಾಯದೊಳಗೇ ಕೂತ್ಕೊಂಡು ದಿನಾ ಸ್ವಲ್ಪ ಸ್ವಲ್ಪ ಬಿಡ್ತಾ ಇರುತ್ತೆ. ಹದಿನಾಲ್ಕು ದಿನ. ಎಲ್ಲಿ ಬೇಕೋ ಅಲ್ಲೇ. ಕಿಡ್ನಿಗೂ ಕಾಟ ಇಲ್ಲ, ಹೊಟ್ಟೆಗೂ ಇಲ್ಲ."

"ಅಂದ್ರೆ ಈ ವಯಸ್ಸಲ್ಲಿ ನನ್ನ ಕಾಲಿಗೆ ಡೈಪರ್ ಕಟ್ತೀಯಾ? ನಿನಗೆ ನಾನು ಕಟ್ಟಿದ್ದನ್ನ ಹೀಗೆ ತೀರಿಸ್ತೀಯಾ?"

"ಡೈಪರ್ ಅಲ್ಲಮ್ಮ, ಅದರ ನೆಂಟ ಅಂದ್ಕೋ."

"ನೆಂಟರು ಎರಡು ದಿನಕ್ಕೆ ಚೆಂದ ಕಣೇ. ಇವನು ಹದಿನಾಲ್ಕು ದಿನ ಕೂರ್ತಾನೆ ಅಂತೀಯ!"

ನಗುತ್ತಲೇ ಒಪ್ಪಿದಳು. ಆ ದಿನದಿಂದ ಮಗಳಿಗೆ ಜೆಲ್ಲಿ ಡಾಕ್ಟ್ರು ಎಂಬ ಹೆಸರಾಯಿತು. ತರಕಾರಿಯವಳಿಗೂ ಹಾಲಿನವನಿಗೂ, "ನಮ್ಮ ಜೆಲ್ಲಿ ಡಾಕ್ಟ್ರು ನನ್ನ ಕಾಲು ಉಳಿಸ್ತಾಳಂತೆ," ಎಂದು ಹೇಳುತ್ತಿದ್ದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಆ ಜೆಲ್ಲು ಇನ್ನೂ ಪರೀಕ್ಷೆಯಲ್ಲಿತ್ತು. ಎಂಟು ರೋಗಿಗಳಿಗೆ ಮಾತ್ರ ಅನುಮತಿ. ಆರಿಸುವವರು ಸರ್ಜನ್ನು. ಮಾಡಿದವಳು ತನ್ನ ತಾಯಿಯ ಗಾಯವನ್ನು ಮುಟ್ಟುವ ಹಾಗಿಲ್ಲ, ನೋಡುವ ಹಾಗಿಲ್ಲ, ಆ ವಿಷಯದಲ್ಲಿ ಸಲಹೆ ಕೊಡುವ ಹಾಗಿಲ್ಲ ಎಂದು ಬರೆಸಿಕೊಂಡರು. ತಯಾರಾದ ಪ್ರತಿ ಕಂತನ್ನೂ ಎರಡು ವಾರ ಇಟ್ಟು, ಅದರಲ್ಲಿ ಯಾವ ಕ್ರಿಮಿಯೂ ಬೆಳೆಯುವುದಿಲ್ಲವೆಂದು ಕಂಡುಕೊಂಡ ಮೇಲೆಯೇ ಹೊರಗೆ ಬಿಡುತ್ತಿದ್ದರು.

ಹಾಕುವ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಸಿರಿಂಜಿನಿಂದ ಗಾಯದೊಳಕ್ಕೆ ನೀರಿನಂಥದ್ದು ಇಳಿಯಿತು. ನಾಲ್ಕೈದು ನಿಮಿಷದಲ್ಲಿ ಗಟ್ಟಿಯಾಗಿ ಗಾಜಿನಂತೆ ನಿಂತಿತು. ಮೇಲೆ ತೆಳ್ಳನೆಯ ಪಾರದರ್ಶಕ ಪದರ, ಅದರ ಮೇಲೆ ಪಟ್ಟಿಯ ಬಟ್ಟೆ. ಪಕ್ಕದ ಹಾಸಿಗೆಯ ಗಾರೆ ಕೆಲಸದವನ ಹೆಂಡತಿಯನ್ನು ಕೂರಿಸಿಕೊಂಡು ನರ್ಸಮ್ಮ ಅರ್ಧ ಗಂಟೆ ಏನೇನೋ ವಿವರಿಸುತ್ತಿದ್ದಳು. ನನ್ನ ಹತ್ತಿರ ಬಂದಾಗ ಸರ್ಜನ್ನು ಅವಳನ್ನು ತಡೆದರು.

"ಇವರಿಗೇನು ಹೇಳ್ತೀರಮ್ಮ? ನನಗೇ ಪಟ್ಟಿ ಕಟ್ಟೋದು ಕಲಿಸಿದವರು. ಮೇಷ್ಟ್ರೇ, ಮೇಲಿನ ಬಟ್ಟೆ ದಿನ ಬಿಟ್ಟು ದಿನ ಬದಲಾಯಿಸಿ. ಅದರ ಕೆಳಗಿರೋದು ಹದಿನಾಲ್ಕನೇ ದಿನದವರೆಗೂ ನಮ್ಮದು. ಅಷ್ಟೇ."

ಅಷ್ಟು ಜನರ ಮುಂದೆ ಆಡಿದ ಆ ಮಾತಿಗೆ ನಾನು ಹಿಗ್ಗಿದೆ ಎಂದು ಒಪ್ಪಿಕೊಳ್ಳಬೇಕು.

ಮನೆಯಲ್ಲಿ ಹುಡುಗಿಯೂ ಒಂದೇ ಮಾತು ಹೇಳಿದಳು. ಅದನ್ನು ಹೇಳುವುದಕ್ಕೂ ಅವಳಿಗೆ ಅಧಿಕಾರವಿರಲಿಲ್ಲ.

"ಮಾವ, ಒಳಗಿನದನ್ನ ಮುಟ್ಟಬೇಡ."

"ನನಗೇ ಹೇಳ್ತೀಯಾ?"

"ನಿನಗೇ ಹೇಳ್ತಿದ್ದೀನಿ."

ಎರಡನೆಯ ದಿನ ಬಟ್ಟೆ ಬದಲಾಯಿಸಿದೆ. ನಾಲ್ಕನೆಯ ದಿನವೂ ಬದಲಾಯಿಸಿದೆ. ಒಳಗೆ ತಿಳಿನೀರಿನ ತಳದಂತೆ ಎಲ್ಲವೂ ಕಾಣುತ್ತಿತ್ತು. ಅಕ್ಕ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿ ಗುಂಡಿ ಹೊಲಿಯುವುದು, ಅಂಚು ಮಡಿಚುವುದು ಮಾಡುತ್ತಿದ್ದಳು. ಹಾದುಹೋಗುವವರೆಲ್ಲ ಕೇಳಿದರೆ ಬೆರಳು ಮಡಿಚಿ, ಇನ್ನು ಹತ್ತು ದಿನ, ಎನ್ನುತ್ತಿದ್ದಳು.

ಆರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೋಣೆಯಲ್ಲಿ ವಾಸನೆ ಬಂತು. ಅಕ್ಕನ ಹಣೆ ಮುಟ್ಟಿದರೆ ಬೆಚ್ಚಗಿತ್ತು. ಮೇಲಿನ ಬಟ್ಟೆ ತೆಗೆದೆ. ಪದರದ ಕೆಳಗೆ ತಿಳಿಯೆಲ್ಲ ಹೋಗಿ, ದಪ್ಪನೆಯ ಹಳದಿ ಕೂತಿತ್ತು. ಅಂಚಿನಲ್ಲಿ ಕೆನೆಯಂತೆ ಬೆಳ್ಳಗಿತ್ತು. ಮೂವತ್ತಾರು ವರ್ಷ ಕಂಡ ಹಳದಿ ಅದು.

ಆಸ್ಪತ್ರೆಗೆ ಫೋನು ಮಾಡಿದೆ. ಸರ್ಜನ್ನು ಆಪರೇಷನ್ ಥಿಯೇಟರಿನಲ್ಲಿದ್ದರು. ಇನ್ನೂ ಮೂರು ಗಂಟೆ ಎಂದರು. ಹುಡುಗಿಗೆ ಮಾಡಿದೆ. ಪ್ರಯೋಗಾಲಯಕ್ಕೆ ಹೋಗುವಾಗ ಅವರು ಫೋನುಗಳನ್ನು ಹೊರಗಿನ ಕಪಾಟಿನಲ್ಲಿಟ್ಟು ಹೋಗಬೇಕು. ಅದು ಅಲ್ಲೇ ಬಡಿದುಕೊಂಡು ಸುಮ್ಮನಾಯಿತು. ಒಂದು ಗಂಟೆ ಕಾದೆ. ಡಾಕ್ಟರು ಬರಲಿ ಎಂದು ಮಧ್ಯಾಹ್ನ ಕಾದು, ಸಂಜೆಗೆ ಕಾಲು ಕಳೆದುಕೊಂಡವರನ್ನು ನಾನು ಕಂಡಿದ್ದೆ.

"ಏನೋ ಅದು ವಾಸನೆ? ಕೊಳೀತಿದೆಯಾ?" ಎಂದಳು ಅಕ್ಕ.

"ಏನಿಲ್ಲ ಅಕ್ಕ."

"ಏನಿಲ್ಲ ಅನ್ನೋ ಮುಖಾನಾ ಇದು? ಊರವರ ಗಾಯವನ್ನೆಲ್ಲ ತೊಳೆದೆ. ನನ್ನದನ್ನ ನೋಡ್ತಾ ಕೂತಿದ್ದೀಯಲ್ಲೋ. ತೊಳೆಯೋ ಅತ್ಲಾಗೆ!"

ಕೈ ತೊಳೆದುಕೊಂಡೆ. ಚಿಮಟವನ್ನು ಕುದಿಸಿದೆ. ದೇವರೇ, ಈ ಕೈ ನಿನ್ನದು, ಎಂದೆ. ಪದರವನ್ನು ಬಿಡಿಸಿ, ಸಲೈನಿನಲ್ಲಿ ಅದ್ದಿದ ಬಟ್ಟೆಯಿಂದ ಹಳದಿಯನ್ನು ಒರೆಸಿದೆ. ಗಂಜಿಯ ಕೆನೆಯಂತೆ ಮುದ್ದೆಮುದ್ದೆಯಾಗಿ ಬಂತು. ಅಷ್ಟು ಸುಲಭವಾಗಿ ಬಂದಾಗಲೇ ನನಗೆ ತಿಳಿಯಬೇಕಿತ್ತು. ಕೊಳೆತ ಮಾಂಸ ಹಾಗೆ ಬರುವುದಿಲ್ಲ. ಅಂಟಿಕೊಂಡಿರುತ್ತದೆ, ಜಗ್ಗಿದರೂ ಬಿಡುವುದಿಲ್ಲ. ಅದನ್ನು ನನ್ನಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಅಷ್ಟರಲ್ಲಿ ತಳದಲ್ಲಿ ಕೆಂಪು ಕಂಡಿತು. ಎರಡು ತಿಂಗಳಲ್ಲಿ ಒಮ್ಮೆಯೂ ಕಾಣದಿದ್ದ, ದಾಳಿಂಬೆ ಕಾಳಿನಂಥ ಕೆಂಪು. ನನ್ನ ಕಣ್ಣು ತುಂಬಿ ಬಂತು. ಅಕ್ಕನ ಅಂಗಡಿಯ ಕನ್ನಡಿಯನ್ನು ತಂದು ಪಾದದ ಕೆಳಗೆ ಹಿಡಿದು ತೋರಿಸಿದೆ.

"ನೋಡಕ್ಕ. ಹೇಗಿದೆ ನೋಡು."

"ಪಟ್ಟಿ ಮೇಷ್ಟ್ರ ಕೈ ಅಂದ್ರೆ ಪಟ್ಟಿ ಮೇಷ್ಟ್ರ ಕೈಯೇ," ಎಂದು ಅವಳು ನನ್ನ ತಲೆ ಸವರಿದಳು.

ಆರು ಗಂಟೆಗೆ ಹುಡುಗಿ ಬಂದಳು. ಹಿತ್ತಲ ಬಾಗಿಲ ಬಳಿ ತಟ್ಟೆಯಲ್ಲಿ ಕಾಗದ ಮುಚ್ಚಿಟ್ಟಿದ್ದ ಬಟ್ಟೆಗಳನ್ನು ಕಂಡು, ಕಾಗದ ಎತ್ತಿದಳು. ಆಮೇಲೆ ಒಂದು ಹಳದಿ ಮುದ್ದೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಮಾವ, ಇದನ್ನ ಎಲ್ಲಿಂದ ತೆಗೆದೆ?"

ನಾನು ಹೇಳಿದೆ. ವಾಸನೆ, ಜ್ವರ, ಫೋನು, ಕೆಂಪು, ಎಲ್ಲ ಹೇಳಿದೆ. ಅವಳು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಇದು ಕೀವಲ್ಲ ಮಾವ," ಎಂದಳು ಮೆಲ್ಲಗೆ. "ಗಾಯದ ನೀರು ಹೀರ್ಕೊಂಡ ಮೇಲೆ ಇದು ಹೀಗೇ ಆಗುತ್ತೆ. ಹಳದಿ ಆಗುತ್ತೆ, ವಾಸನೆ ಬರುತ್ತೆ. ಇದರೊಳಗೆ ಇನ್ನೂ ಎಂಟು ದಿನದ ಮದ್ದಿತ್ತು."

"ವಾಪಸ್ ಹಾಕೋಕೆ..." ಎಂದೆ. ಎಂಥ ಮಾತು! ಆದರೂ ಬಾಯಿಗೆ ಬಂತು.

ಅವಳು ಆಗದೆಂದು ತಲೆಯಾಡಿಸಿದಳು. ಒಳಗಿನಿಂದ ಅಕ್ಕ, "ಬಂದ್ಯೇನೇ ಜೆಲ್ಲಿ ಡಾಕ್ಟ್ರೇ? ನಿನ್ನ ನೆಂಟ ಕೊಳೆತುಹೋಗಿದ್ದ. ನಿನ್ನ ಮಾವ ಎತ್ತಿ ಹೊರಗೆ ಹಾಕ್ದ," ಎಂದು ಕೂಗಿದಳು. ಹುಡುಗಿ ಕೈ ತೊಳೆದುಕೊಂಡು ಒಳಗೆ ಹೋದಳು.

ಮರುದಿನ ಸರ್ಜನ್ನು ನನ್ನನ್ನು ಬೈಯಲಿಲ್ಲ. "ತಪ್ಪು ನಂದು. ಎಲ್ಲರಿಗೂ ಹೇಳಿದ್ವಿ, ನಿಮಗೊಬ್ಬರಿಗೆ ಹೇಳಲಿಲ್ಲ," ಎಂದರು. ಅಕ್ಕನ ಜ್ವರ ನೆಗಡಿಯದು. ಮೂರು ದಿನಕ್ಕೆ ಇಳಿಯಿತು. ಮತ್ತೊಮ್ಮೆ ಹಾಕಲು ಮೇಲಿನವರಿಂದ ಒಪ್ಪಿಗೆ ಸಿಕ್ಕಿತು, ಆದರೆ ಹಾಕಲು ಜೆಲ್ಲೇ ಇರಲಿಲ್ಲ. ಆ ಕಂತು ಮುಗಿದಿತ್ತು. ಹೊಸದನ್ನು ಮಾಡಿ, ಎರಡು ವಾರ ಕಾದು, ಆಮೇಲೆ.

ಹುಡುಗಿ ಮಾರನೆಯ ದಿನವೇ ಮಾಡಿ ಮುಗಿಸಿದಳು. ಉಳಿದದ್ದು ಕಾಯುವುದೊಂದೇ. ಬೇಗ ಆಗುವುದಿಲ್ಲವೇ ಎಂದು ನಾನು ದಿನಾ ಕೇಳುತ್ತಿದ್ದೆ.

"ಕ್ರಿಮಿ ಬೆಳೆಯಲ್ಲ ಅಂತ ಗೊತ್ತಾಗೋಕೆ ಅಷ್ಟು ದಿನ ಬೇಕೇ ಬೇಕು ಮಾವ. ಬೈದ್ರೂ ಅಷ್ಟೇ, ಬೇಡಿಕೊಂಡ್ರೂ ಅಷ್ಟೇ."

ನಾನು ಬೇಡಿಕೊಂಡೆ. ಬೆಳಿಗ್ಗೆ ಎದ್ದೊಡನೆ, ಅಕ್ಕನ ಪಾದದ ಬಳಿ ಕೂತಾಗ, ಬಸ್ಸಿನಲ್ಲಿ ನಿಂತಾಗ, ದೇವರೇ ಹದಿನಾಲ್ಕು ದಿನ, ದೇವರೇ ಹನ್ನೆರಡು ದಿನ, ಎಂದು. ದೇವರನ್ನು ದೂರಲಿಲ್ಲ. ದೂರುವುದಕ್ಕೆ ಅವನದೇನೂ ತಪ್ಪಿರಲಿಲ್ಲ. ಆ ಕೆಂಪು ಮೂರು ದಿನ ನಿಂತಿತು, ನಾಲ್ಕನೆಯ ದಿನ ಮಸುಕಾಯಿತು. ನಾನು ತೊಳೆದೆ. ಮತ್ತೇನು ಮಾಡಲಿ? ನನಗೆ ಬರುತ್ತಿದ್ದದ್ದು ಅದೊಂದೇ. ಕಾಯತೊಡಗಿದ ಒಂಬತ್ತನೆಯ ದಿನ ಹೆಬ್ಬೆರಳು ಕಪ್ಪಾಯಿತು, ಹತ್ತನೆಯ ದಿನ ಚಳಿಜ್ವರ ಬಂತು. ಮೊಣಕಾಲಿನ ಕೆಳಗೆ ತೆಗೆದರು. ಹೊಸ ಜೆಲ್ಲು ಹೊರಬರಲು ಇನ್ನೂ ನಾಲ್ಕು ದಿನವಿತ್ತು.

ಎಚ್ಚರವಾದ ಮೇಲೆ ಅಕ್ಕ ಹೊದಿಕೆಯ ಮೇಲಿನಿಂದಲೇ ಕೈಯಾಡಿಸಿ ನೋಡಿಕೊಂಡಳು. ಅಳಲಿಲ್ಲ. ಮಗಳ ಕಡೆ ತಿರುಗಿ, "ನಿನ್ನ ಜೆಲ್ಲಿ ಬರೀ ಜೆಲ್ಲಿನೇ ಆಯ್ತಲ್ಲೇ," ಎಂದಳು. ಮಗಳು, "ಹೂಂ ಅಮ್ಮ," ಎಂದಳು.

ನಾನು ಬಾಯಿ ತೆರೆಯುವುದರೊಳಗೆ ಹುಡುಗಿ ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ಬಟ್ಟೆ ಬದಲಾಯಿಸಲು ಅಕ್ಕ ನರ್ಸುಗಳನ್ನು ಹತ್ತಿರ ಬಿಡುತ್ತಿರಲಿಲ್ಲ; ನನ್ನ ತಮ್ಮನೇ ಬೇಕು ಎಂದು ಹಟ. "ಈಗ ಬೇಡ ಮಾವ. ಇದೊಂದು ಗಾಯ ಒಣಗೋವರೆಗೂ ಅವಳಿಗೆ ನಿನ್ನ ಕೈ ಬೇಕು." ಹೀಗೆ, ಕಾಲು ಕಳೆದ ಕೈಯಿಂದಲೇ ಉಳಿದ ಮೋಟನ್ನು ಐದು ವಾರ ತೊಳೆದೆ. ಅದು ಚೆನ್ನಾಗಿ ಒಣಗಿತು. ಬಂದವರೆಲ್ಲರ ಮುಂದೆ ಅಕ್ಕ ಮೋಟನ್ನು ತೋರಿಸಿ, "ಇದು ನನ್ನ ತಮ್ಮನ ಕೆಲಸ. ಆ ಕಡೆಯದು ನನ್ನ ಮಗಳ ಕೆಲಸ," ಎನ್ನುತ್ತಿದ್ದಳು. ಆ ಕಡೆ ಎಂದರೆ ಏನೂ ಇಲ್ಲದ ಜಾಗ. ಹುಡುಗಿ ಬಂದವರಿಗೆ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು. ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಹರಿಯುತ್ತಿತ್ತು.

ಹೊಲಿಗೆ ಎಲ್ಲ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ.

"ಅಕ್ಕ, ಆವತ್ತು ನಾನು ತೊಳೆದದ್ದು ಕೀವಲ್ಲ. ಅವಳ ಮದ್ದು. ಅದು ಕೆಲಸ ಮಾಡ್ತಾ ಇತ್ತು. ನಾನೇ ತೆಗೆದುಹಾಕಿದೆ."

ಅವಳು ದಿಂಬಿಗೆ ಒರಗಿ ಕೂತಳು.

"ಹೀಗೆ ಹೇಳು ಅಂತ ಅವಳು ಹೇಳಿಕೊಟ್ಟಳಾ?"

"ಇಲ್ಲಕ್ಕ. ದೇವರಾಣೆ."

"ಆಣೆ ಬೇರೆ ಇಡ್ತೀಯ. ಚಿಕ್ಕವನಿದ್ದಾಗಲೂ ಹೀಗೇ ನೀನು. ಯಾರೋ ಮುರಿದ ಬಳಪಕ್ಕೆ ನೀನು ಏಟು ತಿಂದು ಬರ್ತಿದ್ದೆ." ಅವಳ ಧ್ವನಿ ಮೃದುವಾಯಿತು. "ನೀನು ತೊಳೆದ ಮೇಲೆ ಎಷ್ಟು ಕೆಂಪಗಿತ್ತು ಅಂತ ನೀನೇ ಕನ್ನಡಿ ಹಿಡಿದು ತೋರಿಸ್ಲಿಲ್ವೇನೋ? ನನ್ನ ಕಣ್ಣಿಂದ ನೋಡಿದ್ದೀನಿ. ಮಕ್ಕಳ ತಪ್ಪನ್ನ ಹೊತ್ಕೋಬೇಕು, ನಿಜ. ಆದ್ರೆ ಸುಳ್ಳು ಹೇಳಿ ಹೊತ್ಕೋಬಾರದು."

ಸರ್ಜನ್ನರೇ ಮನೆಗೆ ಬಂದು ಹೇಳಿದರು. ಅವರು ಹೋದ ಮೇಲೆ ಅಕ್ಕ, "ಆಸ್ಪತ್ರೆಯವರು ಆಸ್ಪತ್ರೆಯವರನ್ನ ಬಿಟ್ಟುಕೊಡ್ತಾರಾ?" ಎಂದಳು. ನಾನು ಇನ್ನೂ ಎರಡು ಸಲ ಹೇಳಿದೆ. ಹೇಳಿದಷ್ಟೂ ಅವಳ ಕಣ್ಣಲ್ಲಿ ನಾನು ದೊಡ್ಡವನಾದೆ, ಮಗಳು ಸಣ್ಣವಳಾದಳು. ಕೊನೆಗೆ ಹುಡುಗಿಯೇ, "ಬಿಡು ಮಾವ. ನೀನು ಹೇಳಿದಾಗೆಲ್ಲ ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲ್ಲ," ಎಂದಳು. ಬಿಟ್ಟೆ.

ಆ ಬೇಸಿಗೆಯಲ್ಲಿ ಅಕ್ಕ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಹೃದಯ ಎಂದರು. ಯಂತ್ರಕ್ಕೆ ಮೋಟಾರು ಹಾಕಿಸಿಕೊಡುತ್ತೇವೆ ಎಂದು ಎಷ್ಟು ಹೇಳಿದರೂ ಅವಳು ಅದರ ಮುಂದೆ ಕೂತಿರಲಿಲ್ಲ. ಮೂಲೆಯಲ್ಲೇ ಕೂತಿದ್ದಳು. ಉಳಿದ ಏಳು ಜನರಲ್ಲಿ ಐವರ ಗಾಯ ಮಾಗಿತು. ಗಾರೆ ಕೆಲಸದವನು ಮತ್ತೆ ಏಣಿ ಹತ್ತಿದ. ಪರೀಕ್ಷೆಯ ದಾಖಲೆ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ, ಆರನೆಯ ದಿನ ಜೆಲ್ ತೆಗೆಯಲಾಗಿದೆ, ಎಂದು ಬರೆದಿದ್ದರು. ಪೂರ್ತಿ ಇಟ್ಟಿದ್ದರೆ ಮಾಗುತ್ತಿತ್ತೇ ಎಂದು ಒಮ್ಮೆ ಕೇಳಿದೆ. "ಹೇಳೋಕಾಗಲ್ಲ ಮೇಷ್ಟ್ರೇ," ಎಂದರು ಸರ್ಜನ್ನು. "ಆಗಬಹುದಿತ್ತು. ಆಗದೆಯೂ ಇರಬಹುದಿತ್ತು."

ಹೋದ ವಾರ ಹುಡುಗಿ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಇನ್ನು ನಲವತ್ತು ಜನರಿಗೆ ಜೆಲ್ಲು ಹಾಕುತ್ತಾರೆ. ಅವರ ಮನೆಯವರಿಗೆ ಕೊಡುವ ಸೂಚನೆ ಇದು. ಐದು, ಆರನೆಯ ದಿನ ಜೆಲ್ ಹಳದಿಯಾಗುತ್ತದೆ, ವಾಸನೆ ಬರುತ್ತದೆ, ಇದು ಕೀವಲ್ಲ, ತೆಗೆಯಬೇಡಿ, ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಬಣ್ಣದ ಚಿತ್ರ. ಎರಡು ಸಲ ಓದಿದೆ.

"ಡ್ರೆಸ್ಸರ್ ಕೆಲಸ ಮಾಡಿದವರು ಓದಿದ್ರೆ ಅರ್ಥ ಆಗುತ್ತಾ ಮಾವ?"

"ಆಗುತ್ತೆ."

"ಇದು ಆವತ್ತು ನಿನ್ನ ಕೈಲಿದ್ದಿದ್ರೆ?"

ಹೌದು ಎನ್ನಬೇಕೆಂದು ಬಹಳ ಆಸೆಯಾಯಿತು. ಆ ಹುಡುಗಿಗೆ ಅಷ್ಟಾದರೂ ಕೊಡಬೇಕಿತ್ತು. ಚಿತ್ರವನ್ನು ಮತ್ತೆ ನೋಡಿದೆ. ಚಿತ್ರದಲ್ಲಿ ಇದ್ದದ್ದೂ ಅದೇ ಹಳದಿ.

"ಓದ್ತಿದ್ದೆ ಮಗಳೇ," ಎಂದೆ. "ಓದಿ ಪಕ್ಕಕ್ಕಿಟ್ಟು ತೊಳೀತಿದ್ದೆ ಅಂತ ಕಾಣುತ್ತೆ."

ಅವಳು ಸಿಟ್ಟಾಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

"ಹಾಗಾದ್ರೆ ಇನ್ನೇನು ಬರೀಲಿ, ಹೇಳು."

ನಾನು ಯೋಚಿಸಿದೆ. ಹೊರಗೆ ಬಸ್ಸೊಂದು ಬಂದು ನಿಂತು ಹೋಯಿತು. ಅವಳು ಪೆನ್ನು ಹಿಡಿದು ಕಾಯುತ್ತಲೇ ಇದ್ದಳು.